ನಾಳೆ ಬಾ: ಬೆಂಗಳೂರಿನ ಬಾಗಿಲಿನಿಂದ ಚಂದೇರಿಯ ಬೀದಿಗೆ

ನಮ್ಮ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಏಳೂ ಬಾಗಿಲ ಮೇಲೆ ಎರಡೇ ಪದ ಬಂತು: ನಾಳೆ ಬಾ. ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ನನ್ನ ಸ್ಕೂಲ್ ಬ್ಯಾಗಿನಿಂದ ಬಳಪ ತೆಗೆಸಿ ನನ್ನ ಕೈಲೇ ಬರೆಸಿದರು. ನಾನು ಮೂರನೇ ಕ್ಲಾಸು. ದೊಡ್ಡ ಅಕ್ಷರದಲ್ಲಿ, ನಾಲಿಗೆ ಕಚ್ಚಿಕೊಂಡು, "ನಾಲೆ ಬಾ" ಎಂದು ಬರೆದೆ.

ಪಕ್ಕದ ಮನೆಯ ಅಕ್ಕ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾಲೆ ಅಂದ್ರೆ ಕಾಲುವೆ ಕಣೋ. ದೆವ್ವ ಓಡಿಸು ಅಂದ್ರೆ ಕಾವೇರಿ ನೀರು ಕರೀತಿದೀಯಲ್ಲ!" ಅಷ್ಟರಲ್ಲಿ ಕತ್ತಲಾಗಿತ್ತು. ಹೊರಗೆ ಹೋಗಿ ತಿದ್ದುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ಆ ರಾತ್ರಿಯಿಡೀ ನನಗಿದ್ದ ಚಿಂತೆ ಒಂದೇ. ದೆವ್ವಕ್ಕೆ ಕಾಗುಣಿತ ತಪ್ಪಿದ್ದು ಅರ್ಥವಾಗುತ್ತಾ, ಇಲ್ವಾ?

ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಟ್ಟು, 2018ರ ಆಗಸ್ಟ್ 31ರಂದು "ಸ್ತ್ರೀ" ಎಂಬ ಹಿಂದಿ ಸಿನಿಮಾ ಬಂತು. ಅದರಲ್ಲಿ ಒಂದು ಊರಿನ ಗೋಡೆಗಳ ತುಂಬ "ಓ ಸ್ತ್ರೀ ಕಲ್ ಆನಾ" ಎಂದು ಬರೆದಿರುತ್ತಾರೆ. ಥಿಯೇಟರಿನಲ್ಲಿ ನನ್ನ ಸುತ್ತ ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಆ ಬಳಪದ ಪುಡಿ ಬೆರಳಿಗೆ ಅಂಟಿದಂತಾಯಿತು. ಬಾಯಿಂದ ಬಾಯಿಗೆ ಹರಡಿದ ಒಂದು ಕತೆ ಸಿನಿಮಾ ಆಗುವಾಗ ಏನೇನು ಆಗುತ್ತದೆ, ಯಾವುದು ಉಳಿಯುತ್ತದೆ, ಯಾವುದು ದಾರಿಯಲ್ಲೇ ಬಿದ್ದುಹೋಗುತ್ತದೆ? ಇದನ್ನು ನೋಡಲು ನಮಗೆ ಇದಕ್ಕಿಂತ ಹತ್ತಿರದ ಪ್ರಕರಣ ಸಿಗುವುದಿಲ್ಲ.

ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ರಾತ್ರಿ ಒಂದು ಹೆಣ್ಣು ದೆವ್ವ ಬೀದಿ ಬೀದಿ ತಿರುಗುತ್ತದೆ. ಬಾಗಿಲು ತಟ್ಟುತ್ತದೆ. ಮನೆಯವರ ದನಿಯಲ್ಲೇ ಕರೆಯುತ್ತದೆ: ಅಮ್ಮನ ದನಿ, ಅಣ್ಣನ ದನಿ, ಊರಿಗೆ ಹೋದ ಚಿಕ್ಕಪ್ಪನ ದನಿ. ತೆಗೆದರೆ ಸತ್ತೆ. ಕೆಲವರ ಬಾಯಲ್ಲಿ ಅದು ಗಂಡನನ್ನು ಹುಡುಕುತ್ತಿರುವ ಮದುಮಗಳು, ಹಾಗಾಗಿ ಮನೆಯ ಗಂಡಸರನ್ನೇ ಒಯ್ಯುತ್ತದೆ. ಇನ್ನು ಕೆಲವರ ಬಾಯಲ್ಲಿ ಬರೀ ಮಾಟಗಾತಿ. ಬಾಗಿಲ ಮೇಲೆ "ನಾಳೆ ಬಾ" ಎಂದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಅದೇ ಬರಹ, ಮತ್ತೆ ವಾಪಸ್. ಬೆಂಗಳೂರಿನಲ್ಲಿ ಮಾತ್ರ ಅಲ್ಲ, ಕರ್ನಾಟಕದ ಎಷ್ಟೋ ಊರುಗಳಲ್ಲಿ ಆ ದಶಕದಲ್ಲಿ ಈ ಬರಹ ಇತ್ತು. ಹಳ್ಳಿ ಕಡೆಯ ಕೆಲವು ಹಳೇ ಬಾಗಿಲುಗಳ ಮೇಲೆ ಆಮೇಲೂ ಬಹಳ ವರ್ಷ ಮಾಸಿದಂತೆ ಕಾಣುತ್ತಿತ್ತು.

ಇದು ಹಬ್ಬಿದ ರೀತಿಯೇ ಒಂದು ಸೋಜಿಗ. ಸಾಮಾನ್ಯವಾಗಿ ಗಾಳಿಸುದ್ದಿಗೆ ಗುರುತು ಇರುವುದಿಲ್ಲ. ಕಿವಿಯಿಂದ ಕಿವಿಗೆ ಹೋಗುತ್ತದೆ, ಸಾಯುತ್ತದೆ. ಗಣಪತಿ ಹಾಲು ಕುಡಿದ ಸುದ್ದಿ ನೆನಪಿದೆಯಲ್ಲ? 1995ರ ಸೆಪ್ಟೆಂಬರ್ 21. ಒಂದೆರಡು ದಿನದಲ್ಲಿ ಎಲ್ಲ ಮುಗಿಯಿತು. ನಾಳೆ ಬಾ ಹಾಗಲ್ಲ, ಅದು ಗೋಡೆಯ ಮೇಲೆ ಉಳಿಯಿತು. ಒಂದು ಮನೆಯವರು ಬರೆದರೆ ಎದುರು ಮನೆಯವರಿಗೆ ನಿದ್ದೆ ಬರಲ್ಲ. ಬೀದಿಯಲ್ಲಿ ಎಲ್ಲರೂ ಬರೆದು ನಾವೊಬ್ಬರೇ ಬರೆಯದಿದ್ದರೆ ದೆವ್ವ ಎಲ್ಲಿಗೆ ಬರುತ್ತೆ ಹೇಳಿ? ನಂಬದವರೂ ಬರೆದರು. ನಮ್ಮ ವಠಾರದಲ್ಲಿ ದೇವರನ್ನೇ ನಂಬದ ಒಬ್ಬ ಮೇಷ್ಟ್ರಿದ್ದರು. ಅವರ ಬಾಗಿಲ ಮೇಲೂ ಇತ್ತು, ಎಲ್ಲರಿಗಿಂತ ಮುದ್ದಾದ ಅಕ್ಷರದಲ್ಲಿ. ಕೇಳಿದರೆ "ಹೆಂಗಸರ ಸಮಾಧಾನಕ್ಕೆ" ಎಂದರು.

ಹೀಗೆ ರೋಗವನ್ನು ಹಬ್ಬಿಸಿದ್ದು ಔಷಧಿಯೇ. ಬರೆದ ಪ್ರತಿಯೊಂದು ಬಾಗಿಲೂ ದೆವ್ವದ ಜಾಹೀರಾತು. ಇನ್ನು ಪರೀಕ್ಷೆ ಮಾಡೋಣ ಎಂದರೆ ಅದೂ ಆಗಲ್ಲ. ಬೆಳಿಗ್ಗೆ ಎಲ್ಲರೂ ಬದುಕಿದ್ದರೆ ಬರಹ ಕೆಲಸ ಮಾಡಿತು ಎಂದೇ ಲೆಕ್ಕ.

ಉಪಾಯವಂತೂ ನಮ್ಮದೇ. ಯಾವ ಕಿರಾಣಿ ಅಂಗಡಿಗೆ ಬೇಕಾದರೂ ಹೋಗಿ, "ಇಂದು ನಗದು, ನಾಳೆ ಸಾಲ" ಎಂಬ ಬೋರ್ಡು ನೋಡಿಲ್ಲದವರು ಯಾರಿದ್ದಾರೆ? ಸಾಲ ಕೊಡಲ್ಲ ಎಂದು ಶೆಟ್ಟರು ಬಾಯಿಬಿಟ್ಟು ಹೇಳಲ್ಲ. ನಾಳೆ ಎನ್ನುತ್ತಾರೆ. ಬೋರ್ಡು ಮಾತ್ರ ದಿನಾ ಅಲ್ಲೇ ನೇತಾಡುತ್ತದೆ. ಕಚೇರಿಗಳ ಕಿಟಕಿಯಲ್ಲಿ ಕೇಳುವ ಮಾತೂ ಇದೇ. ಕಚೇರಿ ಅಲೆದು ಚಪ್ಪಲಿ ಸವೆಸಿದ ಜನ ಅದೇ ಮಾತನ್ನು ದೆವ್ವದ ಮೇಲೆ ಬಿಟ್ಟರು ಅಂತ ನನಗೆ ಎಷ್ಟೋ ಸಲ ಅನಿಸಿದೆ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವುದೂ ಇದೇ ಜಾತಿಯ ಉಪಾಯ. ಇದು ಕಸ, ಒಯ್ಯಬೇಡ ಎಂದು ಸಾವಿಗೆ ಸುಳ್ಳು ಹೇಳುವುದು. ತಮಿಳಿನ ಕಂಬ ರಾಮಾಯಣದಲ್ಲಿ ಆಯುಧ ಕಳೆದುಕೊಂಡು ನಿಂತ ರಾವಣನಿಗೆ ರಾಮ "ಇವತ್ತು ಹೋಗಿ ನಾಳೆ ಬಾ" ಎನ್ನುತ್ತಾನೆ. ಅಲ್ಲಿ ಅದು ದೊಡ್ಡತನ. ಬೆಂಗಳೂರಿನ ಬಾಗಿಲಲ್ಲಿ ಅದೇ ಮಾತು ಅಪ್ಪಟ ಚಾಲಾಕಿತನ.

ಈಗ ಸಿನಿಮಾಕ್ಕೆ ಬರೋಣ.

"ಸ್ತ್ರೀ"ಯ ನಿರ್ದೇಶಕ ಅಮರ್ ಕೌಶಿಕ್. ಅವರಿಗೆ ಅದು ಮೊದಲ ದೊಡ್ಡ ಚಿತ್ರ. ಕತೆ ಬರೆದವರು ರಾಜ್ ನಿಡಿಮೋರು ಮತ್ತು ಕೃಷ್ಣ ಡಿ.ಕೆ., ಎಲ್ಲರೂ ರಾಜ್ ಮತ್ತು ಡಿಕೆ ಎಂದು ಕರೆಯುವ ಜೋಡಿ. ಸಂಭಾಷಣೆ ಸುಮಿತ್ ಅರೋರಾ ಅವರದು. ಈ ಚಿತ್ರದ ಬೇರು ಬೆಂಗಳೂರಿನ ನಾಳೆ ಬಾ ಎಂದು ಎಲ್ಲರೂ ಹೇಳುತ್ತಾರೆ. ನಮಗೂ ಹಾಗೆ ಹೇಳಿಕೊಳ್ಳಲು ಖುಷಿ. ಆದರೆ ಆ ಹೆಸರನ್ನೊಮ್ಮೆ ನೋಡಿ. ನಮ್ಮ ಬರಹದಲ್ಲಿ "ಸ್ತ್ರೀ" ಎಲ್ಲಿದೆ?

ಅದು ಇರುವುದು ತೆಲುಗಿನಲ್ಲಿ. ಅದೇ ಕಾಲಕ್ಕೆ ತೆಲುಗು ಸೀಮೆಯ ಗೋಡೆಗಳ ಮೇಲೆ "ಓ ಸ್ತ್ರೀ ರೇಪು ರಾ" ಎಂದು ಬರೆಯುತ್ತಿದ್ದರು. ಓ ಹೆಣ್ಣೇ, ನಾಳೆ ಬಾ ಎಂದರ್ಥ. ಹಿಂದಿಯ "ಓ ಸ್ತ್ರೀ ಕಲ್ ಆನಾ" ಅದರ ಪದಕ್ಕೆ ಪದ ಅನುವಾದದಂತಿದೆ. ರಾಜ್ ತಿರುಪತಿಯವರು, ಡಿಕೆ ಚಿತ್ತೂರಿನವರು ಎಂಬುದು ಗೊತ್ತಾದರೆ ಇದರಲ್ಲಿ ಆಶ್ಚರ್ಯ ಇಲ್ಲ. ಬೆಂಗಳೂರಿನಿಂದ ಬಸ್ಸು ಹತ್ತಿದರೆ ಚಿತ್ತೂರು ಎಷ್ಟು ದೂರ? ದೆವ್ವ ಗಡಿ ದಾಟುವಾಗ ಒಂದು ಪದ ಜಾಸ್ತಿ ಹೊತ್ತುಕೊಂಡಿತ್ತು. ಅಥವಾ ನಮ್ಮ ಕಡೆ ಬರುವಾಗ ಒಂದು ಪದ ಬೀಳಿಸಿಕೊಂಡಿತ್ತು. ಯಾವ ಕಡೆಯಿಂದ ಯಾವ ಕಡೆಗೆ ಬಂತು ಎಂದು ನಾನು ಜಗಳಕ್ಕೆ ನಿಲ್ಲುವುದಿಲ್ಲ.

ಆ ಒಂದು ಪದವೇ ಇಡೀ ಸಿನಿಮಾ. ನಮ್ಮ "ನಾಳೆ ಬಾ"ದಲ್ಲಿ ಬಂದವರು ಹೆಣ್ಣೋ ಗಂಡೋ ಎಂಬ ಸುಳಿವೇ ಇಲ್ಲ. "ಬಾ" ಎನ್ನುವುದನ್ನು ಮಗುವಿಗೂ ಹೇಳಬಹುದು, ಹಸುವಿಗೂ ಹೇಳಬಹುದು, ಬಾಗಿಲಿಗೆ ಬಂದ ಪಾಪದ ಹಳೇ ಪೇಪರಿನವನಿಗೂ ಹೇಳಬಹುದು. "ನಾಳೆ ಬನ್ನಿ" ಎಂದು ಯಾರೂ ಬರೆದಿದ್ದು ನಾನು ನೋಡಿಲ್ಲ. ದೆವ್ವಕ್ಕೆ ಯಾರು ಮರ್ಯಾದೆ ಕೊಡುತ್ತಾರೆ? "ಓ ಸ್ತ್ರೀ" ಎಂದು ಶುರು ಮಾಡಿದ ತಕ್ಷಣ ಎಲ್ಲ ಬದಲಾಗುತ್ತದೆ. ಅದು ನಾಟಕದ ಮಾತು, ಪೌರಾಣಿಕದ ಮಾತು. ಎದುರಿಗೆ ಒಬ್ಬ ಹೆಂಗಸು ನಿಂತಿದ್ದಾಳೆ ಎಂದು ಒಪ್ಪಿಕೊಂಡು, ಸ್ವಲ್ಪ ತಲೆ ಬಗ್ಗಿಸಿ ಆಡುವ ಮಾತು. ಬರೆದ ಜೋಡಿ ಈ ಎಳೆಯನ್ನು ಹಿಡಿದು ಎಳೆಯಿತು. ಇವಳಿಗೆ ಮರ್ಯಾದೆ ಬೇಕು, ಅದಕ್ಕೇ ಬರುತ್ತಾಳೆ. ಇಷ್ಟು ಸಿಕ್ಕಿದ ಮೇಲೆ ಉಳಿದ ಕತೆ ತಾನಾಗಿ ಹುಟ್ಟುತ್ತದೆ.

ಊರು ಚಂದೇರಿ. ಮಧ್ಯಪ್ರದೇಶದ ಅಶೋಕನಗರ ಜಿಲ್ಲೆಯ ಹಳೇ ಊರು, ಸೀರೆಗೆ ಹೆಸರುವಾಸಿ. ಮದುವೆ ಸೀರೆ ತೆಗೆಯುವಾಗ ನಮ್ಮಲ್ಲೂ ಅದರ ಹೆಸರು ಬರುತ್ತದೆ, ಹಗುರಾದ ಬಟ್ಟೆ, ಸಣ್ಣ ಜರಿ ಬುಟ್ಟ. ಸೀರೆ ನೇಯುವ ಊರಿಗೆ ತಕ್ಕಂತೆ ನಾಯಕ ವಿಕ್ಕಿ ಲೇಡೀಸ್ ಟೇಲರ್. ರಾಜ್‌ಕುಮಾರ್ ರಾವ್ ಆ ಪಾತ್ರ ಮಾಡಿದ್ದಾರೆ. ಊರಿನ ಹೆಂಗಸರ ಅಳತೆಯೆಲ್ಲ ಟೇಪು ಹಿಡಿಯದೆ ಹೇಳಬಲ್ಲ, ಅವರ ಮನಸ್ಸಿನ ಅಳತೆ ಮಾತ್ರ ಗೊತ್ತಿಲ್ಲದ ಹುಡುಗ. ಬಿಟ್ಟೂ ಮತ್ತು ಜನಾ ಎಂಬ ಇಬ್ಬರು ಗೆಳೆಯರು, ಅಪಾರಶಕ್ತಿ ಖುರಾನಾ ಮತ್ತು ಅಭಿಷೇಕ್ ಬ್ಯಾನರ್ಜಿ. ವರ್ಷಕ್ಕೊಮ್ಮೆ ನಾಲ್ಕು ದಿನದ ಪೂಜೆ. ಆ ನಾಲ್ಕು ರಾತ್ರಿ ಸ್ತ್ರೀ ಬರುತ್ತಾಳೆ. ಒಂಟಿ ಗಂಡಸರನ್ನು ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಾಳೆ. ತಿರುಗಿದರೆ ಮುಗಿಯಿತು. ಬೆಳಿಗ್ಗೆ ರಸ್ತೆಯಲ್ಲಿ ಬಟ್ಟೆ ಮಾತ್ರ ಬಿದ್ದಿರುತ್ತದೆ.

ಚಂದೇರಿಗೆ ತನ್ನದೇ ನೆನಪುಗಳಿವೆ. 1528ರ ಜನವರಿಯಲ್ಲಿ ಬಾಬರ್ ಈ ಕೋಟೆಯನ್ನು ಮೇದಿನಿ ರಾಯನಿಂದ ಗೆದ್ದುಕೊಂಡಾಗ ಒಳಗಿದ್ದ ಹೆಂಗಸರು ಬೆಂಕಿಗೆ ಹಾರಿದರು. ಅದರ ಸ್ಮಾರಕ ಕೋಟೆಯಲ್ಲಿ ಇವತ್ತಿಗೂ ಇದೆ. ಸಿನಿಮಾ ಇದರ ತಂಟೆಗೆ ಹೋಗುವುದಿಲ್ಲ. ಹೋಗದೆ ಇದ್ದದ್ದೇ ಒಳ್ಳೆಯದಾಯಿತು. ರಾಣಿಯರನ್ನು ಎಳೆದು ತಂದಿದ್ದರೆ ಕತೆ ಭಾರವಾಗಿ ಕುಸಿಯುತ್ತಿತ್ತು. ಇವರು ಆರಿಸಿಕೊಂಡದ್ದು ಒಬ್ಬ ವೇಶ್ಯೆಯನ್ನು. ಎಲ್ಲರೂ ಅವಳ ಮೈ ಬಯಸಿದರು, ಒಬ್ಬ ಮಾತ್ರ ಮನಸ್ಸು ಕೊಟ್ಟ. ಮದುವೆಯ ರಾತ್ರಿಯೇ ಊರಿನ ಗಂಡಸರು ಇಬ್ಬರನ್ನೂ ಕೊಂದರು. ಯಾವ ಕೋಟೆಯಲ್ಲೂ ಅವಳಿಗೆ ಸ್ಮಾರಕ ಇಲ್ಲ. ಸ್ತ್ರೀಯಾಗಿ ನಟಿಸಿರುವ ಫ್ಲೋರಾ ಸೈನಿ ನಮಗೆ ಹೊಸಬರೇನಲ್ಲ. ಆಶಾ ಸೈನಿ ಎಂಬ ಹೆಸರಿನಲ್ಲಿ ಕನ್ನಡ, ತೆಲುಗು ಚಿತ್ರಗಳಲ್ಲಿ ನಟಿಸಿದವರು.

ನನಗೆ ಜಾಸ್ತಿ ಹಿಡಿಸಿದ್ದು ಓದಿನ ವಿಷಯ. ಈ ಕತೆಯ ಮೂಲದಲ್ಲೇ ಒಂದು ತಮಾಷೆ ಅಡಗಿದೆ: ದೆವ್ವಕ್ಕೆ ಓದಲು ಬರಬೇಕು. ಹಳೆಯ ಮೋಹಿನಿ, ಕೊಳ್ಳಿದೆವ್ವಗಳಿಗೆ ಈ ತೊಂದರೆ ಇರಲಿಲ್ಲ. ಅವಕ್ಕೆ ಬೇವಿನ ಸೊಪ್ಪು, ಚಪ್ಪಲಿ, ಕಬ್ಬಿಣ ಸಾಕಿತ್ತು. ನಾಳೆ ಬಾ ಅಕ್ಷರ ಬಲ್ಲ ಕಾಲದ ದೆವ್ವ. ನಮ್ಮ ವಠಾರದ ಕೊನೆ ಮನೆಯ ತಮಿಳರು ತಮಿಳಿನಲ್ಲೇ ಬರೆದಿದ್ದರು. ದೆವ್ವಕ್ಕೆ ಯಾವ ಭಾಷೆ ಬರುತ್ತೆ ಅಜ್ಜಿ ಎಂದು ಕೇಳಿದ್ದೆ. "ಸತ್ತ ಮೇಲೆ ಎಲ್ಲಾ ಭಾಷೆ ಬರುತ್ತೆ ಕಣೋ" ಎಂದಿದ್ದರು. ಓದಲು ಬಾರದ ಅವರೇ, ಓದಬಲ್ಲ ದೆವ್ವಕ್ಕೆ ಹೆದರಿ, ಮೂರನೇ ಕ್ಲಾಸಿನ ನನ್ನ ಅಕ್ಷರವನ್ನು ನಂಬಿ ಮಲಗಿದ್ದು ಈಗ ನೆನೆಸಿಕೊಂಡರೆ ಏನೋ ಆಗುತ್ತದೆ.

ಸಿನಿಮಾದವರು ಈ ತಮಾಷೆಯನ್ನು ಬಿಡಲಿಲ್ಲ. ಸ್ತ್ರೀ ಓದು ಬಲ್ಲವಳು ಎಂದು ಪಾತ್ರಗಳೇ ಮಾತಾಡಿಕೊಳ್ಳುತ್ತವೆ. ಇಲ್ಲಿ ಮಂತ್ರವಾದಿಯಿಲ್ಲ, ನಿಂಬೆಹಣ್ಣು ಕುಂಕುಮ ಇಲ್ಲ. ದೆವ್ವದ ವಿಷಯ ಕೇಳಬೇಕೆಂದರೆ ಹುಡುಗರು ಹೋಗುವುದು ಪುಸ್ತಕದಂಗಡಿಯ ರುದ್ರನ ಹತ್ತಿರ. ಪಂಕಜ್ ತ್ರಿಪಾಠಿ ಆ ಪಾತ್ರವನ್ನು ಎಷ್ಟು ಗಂಭೀರವಾಗಿ ಮಾಡಿದ್ದಾರೆ ಎಂದರೆ ನಗು ತಡೆಯಲಾಗುವುದಿಲ್ಲ. ಅವನ ಕೈಲಿ ಚಂದೇರಿ ಪುರಾಣ ಎಂಬ ಪುಸ್ತಕ. ಅದನ್ನು ಬರೆದ ಶಾಸ್ತ್ರಿಯನ್ನು ಹುಡುಕಿಕೊಂಡು ಹೋದರೆ, ಆ ಮುದುಕ ಇನ್ನೂ ತುರ್ತು ಪರಿಸ್ಥಿತಿ ಮುಗಿದಿಲ್ಲ ಎಂದುಕೊಂಡು ಕೂತಿದ್ದಾನೆ. ವಿಜಯ್ ರಾಜ್ ಐದು ನಿಮಿಷ ಬಂದು ಹೋಗುತ್ತಾರೆ, ಅಷ್ಟೇ ಸಾಕು. ರುದ್ರ ಇನ್ನೊಂದು ಮಾತು ಹೇಳುತ್ತಾನೆ. ಸ್ತ್ರೀ ಯಾರ ಮೇಲೂ ಬಲವಂತ ಮಾಡುವುದಿಲ್ಲ, ಕರೆಯುತ್ತಾಳೆ, ನೀನಾಗಿ ತಿರುಗಿದರೆ ಮಾತ್ರ ಒಪ್ಪಿಗೆ ಎಂದು ತಿಳಿಯುತ್ತಾಳೆ. ಒಪ್ಪಿಗೆ ಎಂದರೇನು ಎಂದು ಗಂಡಸರಿಗೆ ದೆವ್ವದಿಂದ ಪಾಠ ಹೇಳಿಸುವುದು! ಭಾಷಣ ಮಾಡಿದ್ದರೆ ಜನ ಎದ್ದು ಪಾಪ್‌ಕಾರ್ನ್ ತರಲು ಹೋಗುತ್ತಿದ್ದರು.

ಹೆಸರಿನ ಆಟ ಇನ್ನೊಂದಿದೆ. ಸ್ತ್ರೀಗೆ ಊರಿನ ಗಂಡಸರೆಲ್ಲರ ಹೆಸರು ಗೊತ್ತು. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಶ್ರದ್ಧಾ ಕಪೂರ್ ಪಾತ್ರಕ್ಕೂ ಹೆಸರಿಲ್ಲ. ವಿಕ್ಕಿ ಅವಳ ಹಿಂದೆ ಅಷ್ಟು ಅಲೆಯುತ್ತಾನೆ, ಪ್ರೀತಿ ಎನ್ನುತ್ತಾನೆ, ಹೆಸರು ಕೇಳುವುದನ್ನೇ ಮರೆಯುತ್ತಾನೆ. ಮೊದಲ ಸಲ ನೋಡಿದಾಗ ನನಗೂ ಇದು ಹೊಳೆದಿರಲಿಲ್ಲ. ನಾನೂ ಕೇಳಿರಲಿಲ್ಲವಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಗಂಡಸರು ಕತ್ತಲಾದ ಮೇಲೆ ಹೊರಗೆ ಹೋಗಬಾರದು, ಒಂಟಿಯಾಗಿ ನಡೆಯಬಾರದು, ಕರೆದರೆ ತಿರುಗಬಾರದು. ಕೊನೆಗೆ ಸೀರೆ ಉಟ್ಟು ಓಡಾಡುವ ತನಕ ಬರುತ್ತದೆ. ಚಿತ್ರದ ಪೋಸ್ಟರ್ ಮೇಲಿನ ಸಾಲೇ "ಮರ್ದ್ ಕೋ ದರ್ದ್ ಹೋಗಾ", ಗಂಡಸಿಗೆ ನೋವಾಗುತ್ತೆ. ಇದು ಬರೆಯುವವರ ಕಲ್ಪನೆ ಮಾತ್ರ ಎಂದುಕೊಳ್ಳಬೇಡಿ. ಹೆಚ್ಚುಕಮ್ಮಿ ನಮ್ಮ ನಾಳೆ ಬಾ ಕಾಲದಲ್ಲೇ, 1990ರ ಸುಮಾರಿಗೆ, ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳಲ್ಲಿ ವಿಧವೆ ದೆವ್ವದ ಭಯ ಹಬ್ಬಿತ್ತು. ಗಟ್ಟಿಮುಟ್ಟಾದ ಗಂಡಸರು ನಿದ್ದೆಯಲ್ಲೇ ಸಾಯುತ್ತಿದ್ದರು. ಒಂಟಿ ಹೆಣ್ಣು ದೆವ್ವ ಗಂಡನಿಗಾಗಿ ಬಂದು ಒಯ್ಯುತ್ತಿದೆ ಎಂದು ಜನ ನಂಬಿದರು. ಗಂಡಸರು ಉಗುರಿಗೆ ಕೆಂಪು ಬಣ್ಣ ಹಚ್ಚಿ ಮಲಗಿದರು, ಹೆಂಗಸರು ಎಂದು ದೆವ್ವ ಮೋಸ ಹೋಗಲಿ ಅಂತ. ಮನೆ ಮುಂದೆ ಮರದಲ್ಲಿ ಕೆತ್ತಿದ ಗಂಡಿನ ಅಂಗಗಳನ್ನು ನೇತುಹಾಕಿದರು, ಅದನ್ನು ನೋಡಿ ತೃಪ್ತಿಯಾಗಿ ಹೋಗಲಿ ಅಂತ. ಆ ಕಡೆಯ ಇಂಥ ಸಾವುಗಳ ಹಿಂದೆ ಹೃದಯದ ಬಡಿತ ತಪ್ಪಿಸುವ ಒಂದು ಹುಟ್ಟು ತೊಂದರೆ ಇದೆ ಎಂದು ಆಮೇಲೆ ವೈದ್ಯರು ಗುರುತಿಸಿದರು, ಬ್ರುಗಾಡಾ ಸಿಂಡ್ರೋಮ್ ಎನ್ನುತ್ತಾರೆ. ನಮ್ಮ ಬೆಂಗಳೂರಿನವರು ಬಳಪಕ್ಕೇ ನಿಲ್ಲಿಸಿದ್ದು ಪುಣ್ಯ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಸಿನಿಮಾದಲ್ಲಿ ಸ್ತ್ರೀಯ ಶಕ್ತಿ ಇರುವುದು ಜಡೆಯಲ್ಲಿ. ಕೊನೆಯಲ್ಲಿ ಅದನ್ನು ಕತ್ತರಿಸುತ್ತಾರೆ. ಚಿತ್ರ ಬರುವ ಒಂದು ವರ್ಷ ಮುಂಚೆ, 2017ರಲ್ಲಿ, ರಾಜಸ್ಥಾನ, ಹರಿಯಾಣ, ದೆಹಲಿ, ಉತ್ತರ ಪ್ರದೇಶದಲ್ಲಿ ಯಾರೋ ಹೆಂಗಸರ ಜಡೆ ಕತ್ತರಿಸುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಮನೆಗಳ ಮುಂದೆ ಬೇವಿನ ಸೊಪ್ಪು ಕಟ್ಟಿದರು, ಅರಿಶಿನದ ಕೈಗುರುತು ಹಾಕಿದರು. ಆಗ್ರಾ ಬಳಿ ಒಬ್ಬ ಬಡ ಮುದುಕಿಯನ್ನು ಜಡೆ ಕತ್ತರಿಸುವವಳು ಎಂದು ಹೊಡೆದು ಕೊಂದೇಬಿಟ್ಟರು. ಸಿನಿಮಾಕ್ಕೂ ಇದಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಥಿಯೇಟರಿನಲ್ಲಿ ಜಡೆ ತುಂಡಾದಾಗ ನನಗೆ ನಗು ಬರಲಿಲ್ಲ, ಅಷ್ಟೇ. ಗಾಳಿಸುದ್ದಿಯ ದೆವ್ವಕ್ಕೆ ಮುಖ ಇಲ್ಲದಿರುವ ತನಕ ತೊಂದರೆ ಕಡಿಮೆ. ಅದಕ್ಕೆ ಪಕ್ಕದ ಬೀದಿಯ ಯಾರದೋ ಮುಖ ಸಿಕ್ಕಿದ ದಿನ ಕೆಟ್ಟದಾಗುತ್ತದೆ. ನಾಳೆ ಬಾ ಬರೆದವರು ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದರು.

ಚಿತ್ರದ ಕೊನೆಯ ಇಪ್ಪತ್ತು ನಿಮಿಷ ಗೋಜಲು. ಯಾರು ಯಾರು, ಯಾಕೆ ಏನು ಎಂದು ಹೊರಗೆ ಬಂದು ಜನ ಪಾರ್ಕಿಂಗಿನಲ್ಲೇ ವಾದ ಮಾಡುತ್ತಿದ್ದರು. ಕತ್ತರಿಸಿದ ಜಡೆಯನ್ನು ಹೆಸರಿಲ್ಲದ ಆ ಹುಡುಗಿ ಬಸ್ಸಿನಲ್ಲಿ ತನ್ನ ಜಡೆಗೆ ಸೇರಿಸಿಕೊಳ್ಳುವುದು ಮುಂದಿನ ಭಾಗಕ್ಕೆ ಹಾಕಿದ ಗಾಳ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಅದರ ಜೊತೆಗೇ ಬರುವ ಒಂದು ದೃಶ್ಯಕ್ಕಾಗಿ ನಾನು ಎಲ್ಲವನ್ನೂ ಮಾಫಿ ಮಾಡುತ್ತೇನೆ. ಮುಂದಿನ ವರ್ಷ ಪೂಜೆಗೆ ಸ್ತ್ರೀ ಮತ್ತೆ ಬರುತ್ತಾಳೆ. ಊರ ಬಾಗಿಲಲ್ಲಿ ಅವಳದೇ ಮೂರ್ತಿ. ಗೋಡೆಯ ಬರಹ ಬದಲಾಗಿದೆ: "ಓ ಸ್ತ್ರೀ ರಕ್ಷಾ ಕರ್ನಾ". ಕಾಪಾಡು ತಾಯಿ ಎಂದು. ಓದುತ್ತಾಳೆ, ಹೊರಟುಹೋಗುತ್ತಾಳೆ.

ಇದು ನಮಗೆ ಹೊಸದಲ್ಲ. ಅನ್ಯಾಯವಾಗಿ ಸತ್ತ ಹೆಣ್ಣು ಮೊದಲು ಕಾಡುತ್ತಾಳೆ, ಆಮೇಲೆ ಊರು ಒಂದು ಕಲ್ಲು ನಿಲ್ಲಿಸಿ ಕೈ ಮುಗಿಯುತ್ತದೆ, ಆಮೇಲೆ ಅವಳೇ ಊರು ಕಾಯುತ್ತಾಳೆ. ನಮ್ಮ ಹಳ್ಳಿಗಳ ಎಷ್ಟೋ ಮಾಸ್ತಮ್ಮ, ಅಮ್ಮನವರ ಗುಡಿಗಳ ಹಿಂದೆ ಇಂಥ ಕತೆ ಹೇಳುತ್ತಾರೆ. ಹಳೇ ಕಾಲದಲ್ಲಿ ಇದಕ್ಕೆ ತಲೆಮಾರುಗಳೇ ಹಿಡಿಯುತ್ತಿದ್ದವು. ಸಿನಿಮಾ ಅದನ್ನು ಎರಡು ಗಂಟೆಯಲ್ಲಿ, ಒಂದು ಗೋಡೆಬರಹ ಅಳಿಸಿ ಇನ್ನೊಂದು ಬರೆದು ಮುಗಿಸಿತು. ಬೆಂಗಳೂರಿನ ಬರಹಕ್ಕೆ ಆ ಭಾಗ್ಯ ಬರಲಿಲ್ಲ. ಮಳೆಗೆ ಕರಗಿತು, ದೀಪಾವಳಿಯ ಸುಣ್ಣಕ್ಕೆ ಮುಚ್ಚಿಹೋಯಿತು. ನಾಳೆ ಬಾ ಎಂದು ದಿನಾ ವಾಪಸ್ ಕಳಿಸಿದೆವಲ್ಲ, ಅವಳಿಗೆ ಏನು ಬೇಕಿತ್ತು ಎಂದು ನಮ್ಮ ವಠಾರದಲ್ಲಿ ಯಾರೂ ಕೇಳಲಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಚಿಕ್ಕ ಬಜೆಟ್ಟಿನ "ಸ್ತ್ರೀ" ಭಾರತದಲ್ಲೇ 100 ಕೋಟಿ ದಾಟಿತು. ನಿರ್ಮಾಪಕ ದಿನೇಶ್ ವಿಜನ್ ಅವರ ಮ್ಯಾಡಾಕ್ ಸಂಸ್ಥೆಗೆ ದಾರಿ ಸಿಕ್ಕಿತು. 2022ರಲ್ಲಿ ಅರುಣಾಚಲದ ಕಾಡಿನ "ಭೇಡಿಯಾ", 2024ರ ಜೂನಿನಲ್ಲಿ ಕೊಂಕಣದ "ಮುಂಜ್ಯಾ". 2024ರ ಆಗಸ್ಟ್ 15ಕ್ಕೆ ಬಂದ "ಸ್ತ್ರೀ 2" ಭಾರತದಲ್ಲಿ 500 ಕೋಟಿಯನ್ನೂ ದಾಟಿತು. ಅದರಲ್ಲಿ ತಲೆಯಿಲ್ಲದ ಗಂಡು ದೆವ್ವ ಬಂದು ತಮ್ಮಿಷ್ಟದಂತೆ ಬದುಕುವ ಹುಡುಗಿಯರನ್ನು ಹೊತ್ತೊಯ್ಯುತ್ತದೆ. ದೊಡ್ಡ ಚಿತ್ರ, ದೊಡ್ಡ ಗ್ರಾಫಿಕ್ಸು, ಜೋರು ಸದ್ದು. ಅವನನ್ನು ಗೋಡೆಯ ಮೇಲಿನ ಎರಡು ಪದದಿಂದ ತಡೆಯಲಾಗುವುದಿಲ್ಲ. ನನಗೆ ಮೊದಲನೆಯದೇ ಇಷ್ಟ.

ಆದರೂ ಒಂದು ತಕರಾರು ಉಳಿದಿದೆ. ಸಿನಿಮಾ ಕತೆಯನ್ನು ಬಾಗಿಲಿಂದ ಬೀದಿಗೆ ತಂದಿತು. ತರಲೇಬೇಕಿತ್ತು. ಎಲ್ಲರೂ ಬರೆದುಕೊಂಡು ಒಳಗೆ ಮಲಗಿದರೆ ಕತೆ ಮುಂದೆ ಹೋಗುವುದು ಹೇಗೆ? ಬೀದಿಯಲ್ಲಿ ಓಟ ಇದೆ, ಗೆಳೆಯರಿದ್ದಾರೆ, ನಗು ಇದೆ. ಆದರೆ ನಮ್ಮ ನಾಳೆ ಬಾದ ನಿಜವಾದ ಭಯ ಇದ್ದದ್ದು ಬಾಗಿಲಿನಲ್ಲಿ. ಹಿಂದಿನಿಂದ ಅಪರಿಚಿತ ಹೆಣ್ಣಿನ ದನಿ ಕರೆಯುವುದು ಒಂದು. ಮುಚ್ಚಿದ ಬಾಗಿಲಾಚೆ ನಿಮ್ಮ ಅಮ್ಮನ ದನಿ ಕರೆಯುವುದು, ನಿಮ್ಮ ಅಮ್ಮ ಪಕ್ಕದಲ್ಲೇ ಮಲಗಿರುವಾಗ, ಇನ್ನೊಂದು. ಇದನ್ನು "ಸ್ತ್ರೀ" ಮುಟ್ಟಲಿಲ್ಲ. ನಗಿಸುವ ಚಿತ್ರಕ್ಕೆ ಅದು ಬೇಕಾಗಿಯೂ ಇರಲಿಲ್ಲ ಎನ್ನಿ.

ಆ ಭಯ ಎಂಥದು ಎಂದು ನಮ್ಮ ಮನೆಯಲ್ಲೇ ಗೊತ್ತಾಯಿತು. ಅಪ್ಪ ಆಗ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಮನೆಗೆ ಬರುವಾಗ ರಾತ್ರಿ ಹನ್ನೊಂದೂವರೆ, ಹನ್ನೆರಡು. ನಾನು "ನಾಲೆ ಬಾ" ಬರೆದ ಆ ರಾತ್ರಿಯೇ ಕರೆಂಟು ಹೋಗಿತ್ತು. ಬಾಗಿಲು ಬಡಿಯಿತು. "ನಾನು, ಬಾಗಿಲು ತೆಗಿ" ಎಂದು ಅಪ್ಪನ ದನಿ. ಅಮ್ಮ ಎದ್ದರು. ಅಜ್ಜಿ ಅವರ ಸೆರಗು ಹಿಡಿದು ಕೂರಿಸಿದರು. "ಸುಮ್ನಿರು. ಅದೇ."

ಮತ್ತೆ ಬಡಿತ. "ಅಮ್ಮಾ, ನಾನಮ್ಮ."

"ನಾಳೆ ಬಾ!" ಎಂದು ಅಜ್ಜಿ ಒಳಗಿನಿಂದ ಕೂಗಿದರು.

ಹೊರಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ಬೈಯಲು ಶುರು ಮಾಡಿದರು. ಶಿಫ್ಟು, ಬಸ್ಸು, ಹಸಿವು ಎಲ್ಲ ಸೇರಿಸಿ ಬೈದರು. ಅಕ್ಕಪಕ್ಕದ ಮನೆಗಳಲ್ಲಿ ಎಲ್ಲರಿಗೂ ಎಚ್ಚರವಾಗಿದೆ, ಒಬ್ಬರೂ ಬಾಗಿಲು ತೆಗೆಯುತ್ತಿಲ್ಲ. ಕೊನೆಗೆ ಅಜ್ಜಿ ಬಾಗಿಲ ಹತ್ತಿರ ಹೋಗಿ ಚಿಲಕದ ಮೇಲೆ ಕೈಯಿಟ್ಟು ಕೇಳಿದರು: "ನಿಮ್ಮಪ್ಪ ಸಾಯೋ ಹಿಂದಿನ ದಿನ ಏನು ತಿನ್ನಬೇಕು ಅಂದ್ರು, ಹೇಳು."

ಹೊರಗಿನ ಬೈಗುಳ ನಿಂತುಹೋಯಿತು. ತುಂಬ ಹೊತ್ತಾದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು. "ಹಾಗಲಕಾಯಿ ಗೊಜ್ಜು."

ಅಜ್ಜಿ ಚಿಲಕ ತೆಗೆದರು. ಅಪ್ಪ ಒಳಗೆ ಬಂದು ಯಾರ ಜೊತೆಯೂ ಮಾತಾಡದೆ ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಅಮ್ಮ ಬುಡ್ಡಿ ದೀಪದಲ್ಲಿ ಬಡಿಸಿದರು. ನಾನು ಅಜ್ಜಿಯ ಪಕ್ಕ ಹೊದ್ದುಕೊಂಡು ಮಲಗಿದೆ. ಅವರಿಗೆ ನಿದ್ದೆ ಬಂದಿರಲಿಲ್ಲ. ಊಟ ಮಾಡುತ್ತಿದ್ದ ಅಪ್ಪನ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ನನಗೆ ಮಾತ್ರ ಕೇಳುವಂತೆ ಕೇಳಿದರು: "ಅದಕ್ಕೂ ಗೊತ್ತಿದ್ದಿದ್ರೆ?"